ಕರ್ನಾಟಕದಲ್ಲಿ ಪಿಟೀಲು ಮತ್ತು ಪಾಶ್ಚಾತ್ಯ ವಾದ್ಯವೃಂದ

ಚೀನಾದ ಎರಡು ತಂತಿಯ ಅರ್ಹು ಅಲ್ಲಿನವರದೇ ವಾದ್ಯ. ಬೀದಿಯಲ್ಲಿ ನುಡಿಸುತ್ತಿದ್ದ ಅಂಧ ಕಲಾವಿದ ಅಬಿಂಗ್ (1893–1950) ಅವರ ರಚನೆಗಳು ಮುಂದೆ ಪಾಶ್ಚಾತ್ಯ ವಾದ್ಯವೃಂದಕ್ಕೂ ಹೊಂದಿಕೊಂಡವು. ಕರ್ನಾಟಕದಲ್ಲಿ ನಡೆದದ್ದು ಇದರ ತಿರುಗುಮುರುಗು: ಇಲ್ಲಿ ವಾದ್ಯ, ಅಂದರೆ ಪಿಟೀಲು, ಹೊರಗಿನದು; ಸಂಗೀತ ಮನೆಯದು.

ದಕ್ಷಿಣದಲ್ಲಿ ಪಿಟೀಲನ್ನು ಮೊದಲಿಗೆ ಕಲಿತವರಲ್ಲಿ ಬಾಲುಸ್ವಾಮಿ ದೀಕ್ಷಿತರು ಒಬ್ಬರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು (1775–1835) ಇಂಗ್ಲಿಷ್ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಇವೇ ನೋಟ್ಟುಸ್ವರಗಳು. ಎಲ್ಲವೂ ಶಂಕರಾಭರಣದ ಸ್ವರಗಳಲ್ಲಿವೆ, ಸ್ವರವನ್ನು ತೂಗಿಸಿ ಜಾರಿಸುವ ಗಮಕದ ಸೋಂಕಿಲ್ಲ.

ಎರಡೂ ಪದ್ಧತಿಗಳನ್ನು ಕೂಡಿಸುವಾಗ ತೊಡಕು ಇರುವುದು ಈ ಗಮಕದಲ್ಲೇ. ನಮ್ಮ ವಿದ್ವಾಂಸರು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಆನಿಸುತ್ತಾರೆ. ವಾದ್ಯ ಹಿಡಿಯುವ ಹೊಣೆ ತಪ್ಪಿದ ಎಡಗೈ ತಂತಿಯ ಉದ್ದಕ್ಕೂ ಸರಾಗವಾಗಿ ಜಾರುತ್ತದೆ. ತೋಡಿ ರಾಗದ ಗಾಂಧಾರ ಒಂದೆಡೆ ನಿಲ್ಲದೆ ತೂಗುತ್ತಲೇ ಇರುತ್ತದೆ. ಹಲವು ಸ್ವರಗಳನ್ನು ಒಟ್ಟಿಗೆ ಪೇರಿಸುವ ಹಾರ್ಮನಿಗೆ ಅದು ಗಟ್ಟಿಯಾಗಿ ನಿಂತಿರಬೇಕು. ನಿಲ್ಲಿಸಿದರೆ ತೋಡಿಯೇ ಉಳಿಯುವುದಿಲ್ಲ.

ಎರಡೂ ಪದ್ಧತಿಗಳನ್ನು ಒಂದೇ ಸೂರಿನಡಿ ಸಾಕಿದ್ದು ಮೈಸೂರು ಅರಮನೆ. ಹಲವು ವಾದ್ಯ ಬಲ್ಲವರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಕರ್ನಾಟಕ ಬ್ಯಾಂಡ್, ಪಾಶ್ಚಾತ್ಯ ಬ್ಯಾಂಡ್ ಎರಡೂ ಇದ್ದವು. ಜರ್ಮನಿಯ ಆಟೊ ಸ್ಮಿಟ್ ಪಾಶ್ಚಾತ್ಯ ವೃಂದವನ್ನು ಪಳಗಿಸಿದರು. ಆಸ್ಥಾನ ವಿದ್ವಾನ್ ಟಿ. ಚೌಡಯ್ಯ (1895–1967) ಮೈಕಿಲ್ಲದ ಸಭಾಂಗಣದ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಏಳು ತಂತಿಯ ಪಿಟೀಲು ಮಾಡಿಕೊಂಡರು. ಬೆಂಗಳೂರಿನಲ್ಲಿ ಅವರ ನೆನಪಿನ ಸಭಾಭವನ ಪಿಟೀಲಿನ ಆಕಾರದಲ್ಲೇ ಇದೆ. ಮುಂದಿನ ಮಹಾರಾಜ ಜಯಚಾಮರಾಜ ಒಡೆಯರ್ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ ಹಣ ಕೊಟ್ಟವರೂ ಅವರೇ. ಹೀಗಿದ್ದೂ ತಮ್ಮ ಕೃತಿಗಳನ್ನು ಅವರು ಅಪ್ಪಟ ಕರ್ನಾಟಕ ಶೈಲಿಯಲ್ಲೇ ಇರಿಸಿದರು. ಅದು ವಿವೇಕದ ಆಯ್ಕೆ.

ಅರಮನೆಯಿಂದಾಚೆ, ಬಾದಾಮಿ ಸೀಮೆಗೆ ಗಮಕದ ಇದೇ ಪ್ರಶ್ನೆ ಬೇರೆ ವಾದ್ಯದ ರೂಪದಲ್ಲಿ ಬಂತು. ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ನಾಟಕ ಕಂಪನಿಗಳಲ್ಲಿ ಕಾಲು ಹಾರ್ಮೋನಿಯಂನದೇ ದರ್ಬಾರು. ಅದೂ ಯುರೋಪಿನ ಮೂಲದ್ದೇ, ಆದರೆ ಅದರ ಸ್ವರಗಳು ಜಾರುವುದಿಲ್ಲ. ಈ ದೋಷ ಹಿಡಿದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಮೇಲೆ ನಿಷೇಧ ಹೇರಿತ್ತು. ಜಾತ್ರೆಯ ಪ್ರೇಕ್ಷಕರು ಅದಕ್ಕೆ ಸೊಪ್ಪು ಹಾಕಲಿಲ್ಲ.

ಮತ್ತೆ ಪಿಟೀಲಿಗೆ ಬಂದರೆ, ಪೂರ್ಣ ಪ್ರಮಾಣದ ಸಿಂಫನಿ ವೃಂದದ ಮುಂದೆ ಕರ್ನಾಟಕ ಶೈಲಿಯ ಪಿಟೀಲನ್ನು ನಿಲ್ಲಿಸಿದವರು ಬೆಂಗಳೂರಿನಲ್ಲಿ ನೆಲೆಸಿರುವ ಎಲ್. ಸುಬ್ರಹ್ಮಣ್ಯಂ. 1985ರಲ್ಲಿ ಜುಬಿನ್ ಮೆಹ್ತಾ ನಿರ್ದೇಶನದ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಜೊತೆ ಅವರು ನುಡಿಸಿದ ‘ಫ್ಯಾಂಟಸಿ ಆನ್ ವೇದಿಕ್ ಚಾಂಟ್ಸ್’ ಅವರದೇ ರಚನೆ. ಬರೆದಿಟ್ಟ ಸ್ವರಲಿಪಿಗೆ ಬದ್ಧವಾದ ವೃಂದ, ಗಮಕ ಬಿಡದ ಒಂಟಿ ಪಿಟೀಲು: ಈ ಹೊಂದಾಣಿಕೆಗೆ ಸದ್ಯಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಕಾಣುವುದಿಲ್ಲ.

ಅರಮನೆಯ ಬ್ಯಾಂಡುಗಳ ಪರಂಪರೆ ಪೊಲೀಸ್ ಇಲಾಖೆಯ ಪಾಲಾಯಿತು. ಮೈಸೂರು ದಸರೆಯಲ್ಲಿ ಅದರ ಕರ್ನಾಟಕ ಬ್ಯಾಂಡ್ ಮತ್ತು ಇಂಗ್ಲಿಷ್ ಬ್ಯಾಂಡ್ ಎರಡೂ ಇಂದಿಗೂ ನುಡಿಸುತ್ತವೆ.