ಸಾವಿನ ಮನೆಯ ಅಧ್ಯಯನ: ನಡೆದು ಬಂದ ದಾರಿ

ಸಾವಿನ ಆಚರಣೆಗಳ ಬಗ್ಗೆ ಈಚೆಗೆ ಬರುತ್ತಿರುವ ಬರಹಗಳೆಲ್ಲ ಒಂದೇ ರಾಗ ಹಾಡುತ್ತಿವೆ: ಇದೆಲ್ಲ ಹೆಣದ ಭಯ, ಮೈಲಿಗೆಯ ಭಯ. ಸೂತಕದ ಕಟ್ಟುಪಾಡು ಜಾತಿಯ ಕ್ರೌರ್ಯಕ್ಕೆ ಆಸರೆಯಾದದ್ದು ನಿಜ. ಆದರೆ ಸತ್ತವರ ಮೈ ತೊಳೆದು, ತಲೆ ಬಾಚಿ, ಹೊಸ ಬಟ್ಟೆ ಉಡಿಸುವುದಕ್ಕೂ ಭಯವೇ ಕಾರಣ ಎನ್ನುವುದು ಸಾವಿನ ಮನೆಯಲ್ಲಿ ಕೂತು ನೋಡದವರ ಮಾತು.

ಸಾವನ್ನು ಅಧ್ಯಯನ ಮಾಡಿದವರ ಕಣ್ಣಿಗೆ ಮೊದಲು ಬಿದ್ದದ್ದು ಗೋರಿಗಳು. 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ಸುರಪುರ ಸೀಮೆಯ ಶಿಲಾಸಮಾಧಿಗಳನ್ನು ಅಗೆಸಿದ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯ ಉತ್ಖನನಕ್ಕೆ ಬಂದ. ಥರ್ಸ್ಟನ್, ನಂಜುಂಡಯ್ಯ, ಅನಂತಕೃಷ್ಣ ಅಯ್ಯರ್ ಅವರ ಸಂಪುಟಗಳು ಯಾವ ಜಾತಿ ಹೂಳುತ್ತದೆ, ಯಾವುದು ಸುಡುತ್ತದೆ ಎಂದು ದಾಖಲಿಸಿದವು. ಉಪಯುಕ್ತ, ಆದರೆ ಒಣ. ಎಂ.ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಬಗ್ಗೆ ಬರೆದ ಮೇಲೆ ಮಡಿ-ಮೈಲಿಗೆಯ ಚೌಕಟ್ಟು ಎಲ್ಲರ ಕೈಪಿಡಿಯಾಯಿತು.

ಅದರಿಂದ ಬಿಡಿಸಿದ್ದು ಧಾರವಾಡ. ಅಲ್ಲಿನ ಇತಿಹಾಸಕಾರ ಷ. ಶೆಟ್ಟರ್ 1982ರಲ್ಲಿ ಸೊಂಥೈಮರ್ ಜೊತೆ ಸ್ಮಾರಕ ಶಿಲೆಗಳ ಸಂಪುಟ ತಂದರು. 1986ರಲ್ಲಿ 'ಇನ್ವೈಟಿಂಗ್ ಡೆತ್', 1990ರಲ್ಲಿ 'ಪರ್ಸ್ಯೂಯಿಂಗ್ ಡೆತ್' ಬಂದವು. ಶ್ರವಣಬೆಳಗೊಳದ ನಿಸಿದಿಗಳನ್ನು, ಅಂದರೆ ಜೈನರ ಮರಣಸ್ಮಾರಕ ಶಾಸನಗಳನ್ನು, ಅವರು ಓದಿದ ರೀತಿ ನಮ್ಮ ಪೀಳಿಗೆಯ ಕಣ್ಣು ತೆರೆಸಿತು: ಸಾವು ಬರೀ ಅಂಜಿಕೆಯ ವಸ್ತುವಲ್ಲ, ಸಿದ್ಧತೆ ಬೇಡುವ ಸಾಧನೆ. ಶಿವಾರ್ಯನ 'ಭಗವತೀ ಆರಾಧನೆ'ಯಂತೂ ಸಲ್ಲೇಖನ (ಉಪವಾಸದ ಮರಣವ್ರತ) ಹಿಡಿದವನ ಆರೈಕೆಗೆ 48 ನಿರ್ಯಾಪಕರನ್ನು ಹೇಳುತ್ತದೆ. ಇಷ್ಟಿದ್ದರೂ ಶಾಸನ ಹೇಳುವುದು ಮಹಾತ್ಮರ ಸಾವನ್ನು. ಸಾಮಾನ್ಯರ ಹಟ್ಟಿಗೆ ಹೋದದ್ದು ಜಾನಪದದ ಕ್ಷೇತ್ರಕಾರ್ಯ.

ಅಲ್ಲಿ ಕಂಡದ್ದು ಒಂದು ಕಸುಬು. ಉಸಿರು ನಿಂತ ಕೂಡಲೇ ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆಪಟ್ಟಿ ಬಿಗಿದು, ಕೈಕಾಲು ನೇರ ಮಾಡಿ, ಕಾಲಿನ ಹೆಬ್ಬೆರಳು ಎರಡನ್ನೂ ಸೇರಿಸಿ ಕಟ್ಟುತ್ತಾರೆ. ಸೆಟೆತ ಮೊದಲು ತೋರುವುದು ರೆಪ್ಪೆ, ದವಡೆಗಳಲ್ಲೇ. ತಡ ಮಾಡಿದರೆ ಬಾಯಿ ತೆರೆದೇ ಉಳಿಯುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯರಿಗೆ ಈ ಕ್ರಮ ಗೊತ್ತಿತ್ತು. ಲಿಂಗಾಯತರ ಮನೆಯಲ್ಲಿ ದೇಹವನ್ನು ಕೂರಿಸಬೇಕಾದ್ದರಿಂದ ಆತುರ ಇನ್ನೂ ಹೆಚ್ಚು. ಮುಸ್ಲಿಮರ ಗುಸ್ಲ್‌ನಲ್ಲಿ ಮೈಮೇಲೆ ಬಟ್ಟೆ ಹೊದಿಸಿ, ಅದರಡಿಯಲ್ಲಿ ಕೈ ಆಡಿಸಿ ತೊಳೆಯುತ್ತಾರೆ. ಬೋರೆ ಎಲೆಯ ನೀರು, ಕೊನೆಯ ನೀರಿಗೆ ಕರ್ಪೂರ. ಸತ್ತವರಿಗೂ ಮಾನವಿದೆ ಎಂಬ ತಿಳಿವಳಿಕೆಯಿದು. ಭಯಪಟ್ಟವರು ಇಷ್ಟು ನಯವಾಗಿ ಮುಟ್ಟುವುದಿಲ್ಲ.

ಕೋವಿಡ್ ಇದನ್ನು ಸಾಬೀತುಪಡಿಸಿತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಲ್ಲೇ, ಕೈಗವಸು ತೊಟ್ಟು ಮನೆಯವರು ಮೈ ತೊಳೆಯಲು ಅವಕಾಶ ಕೊಡುವ ಮಾರ್ಗಸೂಚಿ ಹೊರಡಿಸಿತ್ತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಸ್ನಾನವನ್ನೇ ನಿಷೇಧಿಸಿತು. ಮೈಲಿಗೆಯ ಭಯವೇ ಎಲ್ಲವೂ ಆಗಿದ್ದರೆ, ಮುಟ್ಟದೆ ಕಳಿಸಿದವರು ನೆಮ್ಮದಿಯಾಗಿರಬೇಕಿತ್ತು. ಅಮ್ಮನ ಮೈಗೆ ಒಂದು ತಂಬಿಗೆ ನೀರು ಹಾಕಲಾಗಲಿಲ್ಲ ಎಂದು ಮಕ್ಕಳು ಇಂದಿಗೂ ಕೊರಗುತ್ತಾರೆ.

ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಹೆರಿಗೆ ಮಾಡಿಸುವವರ ಬಗ್ಗೆ ಪುಸ್ತಕಗಳಿವೆ. ಕೊನೆಯ ಸ್ನಾನ ಮಾಡಿಸುವ ಹೆಂಗಸರು, ಕುಣಿ ತೋಡುವವರು ಮಾತ್ರ ನಮ್ಮ ಪ್ರಬಂಧಗಳ ಅಡಿಟಿಪ್ಪಣಿಗೂ ಬರಲಿಲ್ಲ. ಈ ಕೆಲಸ ಬಲ್ಲ ಹೆಂಗಸರಲ್ಲಿ ಬಹುಪಾಲು ಈಗ ಇಳಿವಯಸ್ಸಿನವರು. ಜಾನಪದ ವಿಭಾಗಗಳು ಮುಂದಿನ ಕ್ಷೇತ್ರಕಾರ್ಯವನ್ನು ಇವರ ಮನೆಗಳಿಂದ ಶುರುಮಾಡಲಿ. ಆಸ್ಪತ್ರೆಯ ಶವಾಗಾರದ ಸಿಬ್ಬಂದಿಯನ್ನೂ ಕೂರಿಸಿ ಕೇಳಲಿ, ಪೇಟೆಗಳಲ್ಲಿ ಈ ಕೆಲಸದ ದೊಡ್ಡ ಪಾಲು ಈಗ ಅವರದು.