ಇಂಗ್ಲೆಂಡಿನ ಸ್ಥಳೀಯ ಧೂಮಪಾನ ತ್ಯಜನ ಸೇವೆಗಳಲ್ಲಿ ವೇಪ್ ವಿತರಣೆ: ಸಮಾನತೆಗೆ ಸಂಬಂಧಿಸಿದ ಅಂಶಗಳು

ಪೀಠಿಕೆ

ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆರೋಗ್ಯದ ಹೊಣೆಯನ್ನು 2013ರ ಏಪ್ರಿಲ್ ತಿಂಗಳಿನಿಂದ ಸ್ಥಳೀಯ ಕೌನ್ಸಿಲ್‌ಗಳಿಗೆ ವಹಿಸಲಾಗಿದೆ. ಧೂಮಪಾನವನ್ನು ಬಿಡಲಿಚ್ಛಿಸುವವರಿಗೆ ನೆರವು ನೀಡುವ ಸ್ಥಳೀಯ ಸೇವೆಗಳು ಈ ಹೊಣೆಯ ಭಾಗವಾಗಿವೆ. ಈ ಸೇವೆಗಳಲ್ಲಿ ತರಬೇತಿ ಪಡೆದ ಸಲಹೆಗಾರರು ಕೆಲವು ವಾರಗಳ ಕಾಲ ಆಪ್ತಸಲಹೆ ನೀಡುವುದರ ಜೊತೆಗೆ ನಿಕೋಟಿನ್ ಪಟ್ಟಿ, ಗಮ್, ಮಾತ್ರೆ ಮುಂತಾದವುಗಳನ್ನೂ ಒದಗಿಸುತ್ತಾರೆ. ಹಲವು ಕಡೆ ಇವುಗಳೊಂದಿಗೆ ವೇಪ್ ಸಹ ಸೇರಿದೆ. ವೇಪ್ ಎಂದರೆ ಹೊಗೆಸೊಪ್ಪನ್ನು ಸುಡದೆ, ನಿಕೋಟಿನ್ ಬೆರೆಸಿದ ದ್ರವವನ್ನು ಬ್ಯಾಟರಿಯಿಂದ ಬಿಸಿಮಾಡಿ ಆವಿಯ ರೂಪದಲ್ಲಿ ಒಳಗೆಳೆದುಕೊಳ್ಳುವ ಸಾಧನ. ಭಾರತದಲ್ಲಿ ಇದು ಇ-ಸಿಗರೇಟು ಎಂದು ಪರಿಚಿತವಾಗಿದ್ದು, ನಿಷೇಧಿತ ವಸ್ತುವಾಗಿದೆ.

2023ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರವು ಹತ್ತು ಲಕ್ಷದವರೆಗಿನ ಧೂಮಪಾನಿಗಳಿಗೆ ವೇಪ್‌ನ ಆರಂಭಿಕ ಕಿಟ್ಟನ್ನು ಉಚಿತವಾಗಿ ನೀಡುವ ಯೋಜನೆಯನ್ನು ಪ್ರಕಟಿಸಿತು. ಉದ್ಯೋಗ ಕೇಂದ್ರಗಳು, ವಸತಿರಹಿತರ ಆಶ್ರಯ ಕೇಂದ್ರಗಳು ಹಾಗೂ ಸಾಮಾಜಿಕ ವಸತಿ ಸಂಸ್ಥೆಗಳ ಮೂಲಕ ಹೆಚ್ಚು ಅಪಾಯದಲ್ಲಿರುವವರನ್ನು ಮೊದಲು ತಲುಪಬೇಕೆಂಬುದು ಆಗಿನ ಉದ್ದೇಶವಾಗಿತ್ತು. ಎಲ್ಲರಿಗೂ ಒಂದೇ ಬಗೆಯ ಕಿಟ್ಟನ್ನು ಹಂಚಿದ ಮಾತ್ರಕ್ಕೆ ಸಮಾನತೆಯನ್ನು ಪಾಲಿಸಿದಂತಾಗುವುದಿಲ್ಲ ಎಂಬುದು ಅಲ್ಲಿನ ಕಾನೂನಿನ ನಿಲುವು. ವ್ಯಾಸಂಗ, ಉದ್ಯೋಗ ಅಥವಾ ಕುಟುಂಬದ ಕಾರಣದಿಂದ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಈ ಸೇವೆಯನ್ನು ಕೋರುವಾಗ ತಮಗೆ ಏನನ್ನು ಕೇಳುವ ಹಕ್ಕಿದೆ ಎಂಬುದನ್ನು ತಿಳಿಸುವ ಸಲುವಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ವೇಪ್ ನೀಡಲು ಕಾರಣ

ಇಂಗ್ಲೆಂಡಿನ ಧೂಮಪಾನ ತ್ಯಜನ ಸೇವೆಗಳಲ್ಲಿಯೇ 886 ಮಂದಿಯ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಲಾದ ಅಧ್ಯಯನದಲ್ಲಿ, ಒಂದು ವರ್ಷದ ನಂತರ ವೇಪ್ ಪಡೆದವರಲ್ಲಿ ಶೇ. 18.0ರಷ್ಟು ಹಾಗೂ ನಿಕೋಟಿನ್ ಪಟ್ಟಿ, ಗಮ್ ಮುಂತಾದವನ್ನು ಪಡೆದವರಲ್ಲಿ ಶೇ. 9.9ರಷ್ಟು ಮಂದಿ ಧೂಮಪಾನವನ್ನು ಬಿಟ್ಟಿದ್ದರು. ಎರಡೂ ಗುಂಪುಗಳಿಗೆ ಆಪ್ತಸಲಹೆ ದೊರೆತಿತ್ತು. ವೇಪ್ ಸಂಪೂರ್ಣ ನಿರಪಾಯಕಾರಿಯಲ್ಲ; ಧೂಮಪಾನ ಮಾಡದವರು ಅದನ್ನು ಆರಂಭಿಸತಕ್ಕದ್ದಲ್ಲ. ಆದರೆ ಈಗಾಗಲೇ ಸಿಗರೇಟು ಸೇದುತ್ತಿರುವವರಿಗೆ ಅದಕ್ಕಿಂತ ಅಪಾಯ ಬಹಳ ಕಡಿಮೆ ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ನಿಲುವಾಗಿದೆ. ಆದಕಾರಣ, ಯಾವುದೇ ವರ್ಗದವರಿಗೆ ಈ ಸಾಧನ ತಲುಪದಿದ್ದಲ್ಲಿ ಆ ವರ್ಗವು ಹೆಚ್ಚು ಪರಿಣಾಮಕಾರಿಯಾದ ಒಂದು ನೆರವಿನಿಂದ ವಂಚಿತವಾದಂತಾಗುತ್ತದೆ.

ಕಾನೂನಿನ ಹಿನ್ನೆಲೆ

2010ರ ಸಮಾನತಾ ಕಾಯಿದೆಯು ಒಂಬತ್ತು ಸಂರಕ್ಷಿತ ಲಕ್ಷಣಗಳನ್ನು ಹೆಸರಿಸಿದೆ. ಅವುಗಳೆಂದರೆ ವಯಸ್ಸು, ಅಂಗವಿಕಲತೆ, ಲಿಂಗ ಪರಿವರ್ತನೆ, ವಿವಾಹ ಮತ್ತು ನಾಗರಿಕ ಸಹಭಾಗಿತ್ವ, ಗರ್ಭಧಾರಣೆ ಮತ್ತು ಹೆರಿಗೆ, ಜನಾಂಗ, ಧರ್ಮ ಅಥವಾ ನಂಬಿಕೆ, ಲಿಂಗ ಹಾಗೂ ಲೈಂಗಿಕ ಒಲವು. ಜನಾಂಗ ಎಂಬುದರಲ್ಲಿ ಮೈಬಣ್ಣವಲ್ಲದೆ ರಾಷ್ಟ್ರೀಯತೆ ಹಾಗೂ ಜನಾಂಗೀಯ ಮೂಲವೂ ಸೇರಿವೆ. ಭಾರತೀಯ ಪ್ರಜೆಯೆಂಬ ಕಾರಣಕ್ಕೆ ಮಾತ್ರ ಸೇವೆಯನ್ನು ನಿರಾಕರಿಸುವುದು ಈ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ.

ಇದೇ ಕಾಯಿದೆಯ 149ನೇ ಪ್ರಕರಣವು 2011ರ ಏಪ್ರಿಲ್ 5ರಂದು ಜಾರಿಗೆ ಬಂದಿತು. ತಾರತಮ್ಯವನ್ನು ನಿವಾರಿಸುವುದು, ಅವಕಾಶಗಳ ಸಮಾನತೆಯನ್ನು ಹೆಚ್ಚಿಸುವುದು ಹಾಗೂ ಸಮುದಾಯಗಳ ನಡುವೆ ಸೌಹಾರ್ದವನ್ನು ಬೆಳೆಸುವುದು, ಈ ಮೂರು ಅಗತ್ಯಗಳಿಗೆ ಸಾರ್ವಜನಿಕ ಪ್ರಾಧಿಕಾರಗಳು ಯುಕ್ತ ಗಮನ ನೀಡತಕ್ಕದ್ದು ಎಂದು ಅದು ವಿಧಿಸುತ್ತದೆ. ಯುಕ್ತ ಗಮನ ಎಂದರೇನೆಂಬುದನ್ನು ಅಲ್ಲಿನ ನ್ಯಾಯಾಲಯವು 2008ರ ಬ್ರೌನ್ ಪ್ರಕರಣದಲ್ಲಿ, ಇದಕ್ಕೂ ಹಿಂದಿನ ಅಂಗವಿಕಲತಾ ಕಾನೂನಿನ ಸಂದರ್ಭದಲ್ಲಿಯೇ ವಿವರಿಸಿದೆ. ತೀರ್ಮಾನವನ್ನು ಕೈಗೊಳ್ಳುವ ಮೊದಲು ಮತ್ತು ಕೈಗೊಳ್ಳುವ ಸಮಯದಲ್ಲಿ ಈ ಪರಿಶೀಲನೆ ನಡೆದಿರಬೇಕು. ಅದು ತೆರೆದ ಮನಸ್ಸಿನಿಂದ ಕೂಡಿರಬೇಕು. ಆದೇಶ ಹೊರಟ ಮೇಲೆ ಸಮರ್ಥನೆಗಾಗಿ ಟಿಪ್ಪಣಿ ಬರೆದು ಕಡತಕ್ಕೆ ಸೇರಿಸಿದರೆ ಸಾಲದು. ಕಡತಗಳ ನಡುವೆ ಕೆಲಸ ಮಾಡುವ ಯಾವುದೇ ಕಚೇರಿಗೆ ಈ ಮಾತು ಅನ್ವಯಿಸುವಂತಿದೆ.

ಬಡತನವು ಮೇಲ್ಕಂಡ ಒಂಬತ್ತರ ಪಟ್ಟಿಯಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಧೂಮಪಾನಕ್ಕೂ ಬಡತನಕ್ಕೂ ಇರುವ ನಂಟು ಮಾತ್ರ ಸ್ಪಷ್ಟವಾಗಿದೆ. 2023ರಲ್ಲಿ ಇಂಗ್ಲೆಂಡಿನ ವಯಸ್ಕರಲ್ಲಿ ಧೂಮಪಾನಿಗಳ ಪ್ರಮಾಣ ಶೇ. 11.6 ಇದ್ದರೆ, ದೈಹಿಕ ಶ್ರಮದ ಕೆಲಸಗಳಲ್ಲಿ ಇರುವವರಲ್ಲಿ ಸುಮಾರು ಐದರಲ್ಲಿ ಒಬ್ಬರು ಧೂಮಪಾನಿಗಳಾಗಿದ್ದರು. ಆರೋಗ್ಯದ ಅಸಮಾನತೆಯನ್ನು ತಗ್ಗಿಸುವತ್ತ ಗಮನಹರಿಸಬೇಕೆಂಬ ಬೇರೊಂದು ಕರ್ತವ್ಯವು ಆರೋಗ್ಯ ಸಚಿವರ ಮೇಲಿದ್ದು, ಕಡಿಮೆ ಆದಾಯದವರಿಗೆ ಆದ್ಯತೆ ನೀಡಲು ಅದೇ ಆಧಾರವಾಗಿದೆ. ಕಿಟ್ಟುಗಳ ಸಂಖ್ಯೆ ಸೀಮಿತವಾಗಿದ್ದಾಗ ಕೌನ್ಸಿಲ್ ಒಂದು ವರ್ಗಕ್ಕೆ ಆದ್ಯತೆ ನೀಡಿದರೆ ಅದು ತಾನಾಗಿಯೇ ತಾರತಮ್ಯವಾಗುವುದಿಲ್ಲ. ಉದ್ದೇಶವು ನ್ಯಾಯಸಮ್ಮತವಾಗಿದ್ದು, ಕ್ರಮವು ಅದಕ್ಕೆ ತಕ್ಕ ಪ್ರಮಾಣದಲ್ಲಿರಬೇಕಷ್ಟೆ.

ಜಗಿಯುವ ಹೊಗೆಸೊಪ್ಪು, ಭಾಷೆ ಮತ್ತು ಸಂಕೋಚ

ಕನ್ನಡಿಗರಿಗೆ ಅತಿ ಮುಖ್ಯವಾದ ಅಂಶ ಇದೇ ಆಗಿದೆ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಬೀಡಿ, ಸಿಗರೇಟು ಸೇದುವವರಿಗಿಂತ ಹೊಗೆರಹಿತ ತಂಬಾಕನ್ನು ಬಳಸುವವರೇ ಹೆಚ್ಚು. ಎಲೆ-ಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ, ಗುಟ್ಕಾ, ನಶ್ಯ ಇವೆಲ್ಲವೂ ಈ ಗುಂಪಿಗೆ ಸೇರುತ್ತವೆ. ಮಕ್ಕಳ ಮನೆಗೆ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದ ಹಿರಿಯ ಮಹಿಳೆಯೊಬ್ಬರನ್ನು ಅಲ್ಲಿನ ದಾದಿಯು ನೀವು ಧೂಮಪಾನ ಮಾಡುತ್ತೀರಾ ಎಂದು ಕೇಳಿದರೆ, ಇಲ್ಲ ಎಂಬ ಉತ್ತರವೇ ಬರುತ್ತದೆ. ಆ ಉತ್ತರ ಸತ್ಯವೇ ಆಗಿದೆ. ಆದರೆ ದಾಖಲೆಯಲ್ಲಿ ಅವರು ಧೂಮಪಾನಿಯಲ್ಲ ಎಂದು ನಮೂದಾಗಿ, ಬಾಯಿಯ ಕ್ಯಾನ್ಸರಿನ ಅಪಾಯವಿರುವ ವ್ಯಕ್ತಿಯೇ ಸೇವೆಯಿಂದ ಹೊರಗುಳಿಯುತ್ತಾರೆ.

ವೇಪ್ ಕಿಟ್ಟಿನ ಯೋಜನೆಯು ಸೇದುವವರಿಗಾಗಿ ರೂಪಿಸಲ್ಪಟ್ಟಿದೆ; ಜಗಿಯುವ ಅಭ್ಯಾಸಕ್ಕೆ ಅದು ತಕ್ಕ ಪರ್ಯಾಯವಲ್ಲ. ಸೇವೆಯ ಸಂಪನ್ಮೂಲವೆಲ್ಲ ವೇಪ್‌ನ ಕಡೆಗೇ ಹರಿದರೆ ದಕ್ಷಿಣ ಏಷ್ಯಾ ಮೂಲದ ಸಮುದಾಯಗಳಿಗೆ ಪರೋಕ್ಷವಾಗಿ ನಷ್ಟವಾಗುತ್ತದೆ. ಈ ಅಂಶವನ್ನು ಮನಗಂಡ ನೈಸ್ ಸಂಸ್ಥೆಯು ದಕ್ಷಿಣ ಏಷ್ಯಾ ಮೂಲದವರ ಹೊಗೆರಹಿತ ತಂಬಾಕಿನ ಬಗ್ಗೆ 2012ರಲ್ಲಿಯೇ ಪ್ರತ್ಯೇಕ ಮಾರ್ಗಸೂಚಿಯನ್ನು ಹೊರಡಿಸಿತ್ತು. 2021ರ ನವೆಂಬರ್‌ನ ಸಮಗ್ರ ಮಾರ್ಗಸೂಚಿಯಲ್ಲಿ ಈ ವಿಷಯವೂ ಸೇರಿದೆ. ಆದ್ದರಿಂದ ಅರ್ಜಿದಾರರು ಕೇಳದಿದ್ದರೂ ತಾವಾಗಿಯೇ "ತಂಬಾಕನ್ನು ಜಗಿಯುವ ಅಭ್ಯಾಸವಿದೆ" ಎಂದು ಸ್ಪಷ್ಟವಾಗಿ ತಿಳಿಸಿ ಆಪ್ತಸಲಹೆಯನ್ನು ಕೋರುವುದು ಸೂಕ್ತ. ತಂಬಾಕಿಲ್ಲದ ಅಡಿಕೆಯನ್ನು ಸಹ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ವರ್ಗೀಕರಿಸಿರುವುದರಿಂದ ಅದನ್ನೂ ಮರೆಮಾಚಬಾರದು.

ಇಂಗ್ಲಿಷ್ ಭಾಷೆಯಲ್ಲಿ ವ್ಯವಹರಿಸಲು ಕಷ್ಟವಾಗುವವರು ಕನ್ನಡ ಭಾಷಾಂತರಕಾರರನ್ನು ಕೋರಬಹುದು. ಮಗ ಅಥವಾ ಸೊಸೆಯ ಮೂಲಕ ಮಾತನಾಡಿಸುವುದು ಸುಲಭವೆನಿಸಿದರೂ, ಮನೆಯವರ ಮುಂದೆ ಹೇಳಲಾಗದ ಅಭ್ಯಾಸಗಳು ಹಾಗೆಯೇ ಉಳಿದುಹೋಗುತ್ತವೆ. ಗುಟ್ಟಾಗಿ ಸಿಗರೇಟು ಸೇದುವ ಯುವತಿಯರಿಗೂ, ಧರ್ಮವು ತಂಬಾಕನ್ನು ನಿಷೇಧಿಸಿರುವ ದೀಕ್ಷಿತ ಸಿಖ್ಖರಿಗೂ ಇದೇ ಸಂಕೋಚವಿರುತ್ತದೆ. ಸಮುದಾಯ ಭವನದಲ್ಲಿ ಎಲ್ಲರೆದುರು ಕಿಟ್ ಹಂಚುವ ವ್ಯವಸ್ಥೆ ಇಂಥವರನ್ನು ತಲುಪುವುದಿಲ್ಲ. ರಂಜಾನ್ ಉಪವಾಸದ ಹಗಲಿನಲ್ಲಿ ವೇಪ್ ಬಳಸದವರಿಗೆ ಬೇರೆ ವಿಧಾನವನ್ನು ಚರ್ಚಿಸಲು ಅವಕಾಶವಿರಬೇಕು.

ಅಂಗವಿಕಲತೆ ಹಾಗೂ ಮಾನಸಿಕ ಅನಾರೋಗ್ಯ

ವೇಪ್ ಎಂಬುದು ಚಿಕ್ಕ ಯಂತ್ರ. ಅದಕ್ಕೆ ದ್ರವ ತುಂಬಬೇಕು, ಸುರುಳಿಯನ್ನು ಬದಲಿಸಬೇಕು, ಚಾರ್ಜ್ ಮಾಡಬೇಕು. ಸಂಧಿವಾತದಿಂದ ಬೆರಳು ಬಾಗದವರಿಗೆ ಮಕ್ಕಳು ತೆರೆಯಲಾಗದಂತೆ ಮಾಡಿದ ಸೀಸೆಯ ಮುಚ್ಚಳವೇ ದೊಡ್ಡ ಅಡ್ಡಿ. ದೃಷ್ಟಿದೋಷವಿರುವವರು ತೊಟ್ಟಿಯಲ್ಲಿ ಎಷ್ಟು ದ್ರವವಿದೆಯೆಂದು ಕಾಣಲಾರರು. ಬಳಸಿ ಎಸೆಯುವ ವೇಪ್‌ಗಳನ್ನು 2025ರ ಜೂನ್ 1ರಿಂದ ಪರಿಸರದ ಕಾರಣಕ್ಕಾಗಿ ನಿಷೇಧಿಸಲಾಗಿದ್ದು, ಅದು ಸರಿಯಾದ ಕ್ರಮವೇ ಆದರೂ, ಬಳಸಲು ಅತಿ ಸರಳವಾಗಿದ್ದ ಸಾಧನವು ಇಂಥವರಿಗೆ ಇಲ್ಲವಾಗಿದೆ. ಮೊದಲೇ ತುಂಬಿಸಿದ ಕೋಶವನ್ನು ಸಿಕ್ಕಿಸುವ ಬಗೆಯ ಸಾಧನ, ದೊಡ್ಡಕ್ಷರದ ಅಥವಾ ಸುಲಭ ಓದಿನ ಕರಪತ್ರ, ಮನೆಗೇ ಬಂದು ತೋರಿಸಿಕೊಡುವುದು ಮುಂತಾದ ಯುಕ್ತ ಮಾರ್ಪಾಡುಗಳನ್ನು ಕೋರಲು ಅಂಗವಿಕಲ ಅರ್ಜಿದಾರರಿಗೆ ಕಾಯಿದೆಯಡಿ ಹಕ್ಕಿದೆ.

ಮಾನಸಿಕ ಚಿಕಿತ್ಸೆಯಲ್ಲಿರುವವರು ಒಂದು ಎಚ್ಚರಿಕೆಯನ್ನು ಪಾಲಿಸತಕ್ಕದ್ದು. ಸಿಗರೇಟಿನ ಹೊಗೆಯಲ್ಲಿರುವ ರಾಸಾಯನಿಕಗಳು ಕ್ಲೋಜಪಿನ್, ಒಲಾಂಜಪಿನ್‌ನಂತಹ ಔಷಧಿಗಳನ್ನು ದೇಹವು ಬೇಗ ಹೊರಹಾಕುವಂತೆ ಮಾಡುತ್ತವೆ. ಸೇದುವುದನ್ನು ನಿಲ್ಲಿಸಿದೊಡನೆ ರಕ್ತದಲ್ಲಿ ಔಷಧದ ಮಟ್ಟ ಏರಿ ಅಪಾಯಕ್ಕೆ ಕಾರಣವಾಗಬಹುದು. ಇದಕ್ಕೆ ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಹಾಗಾಗಿ ವೇಪ್‌ಗೆ ಬದಲಾದವರಲ್ಲಿಯೂ ಹೀಗಾಗುತ್ತದೆ. ಧೂಮಪಾನ ಬಿಡುವ ದಿನಾಂಕವನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಗರ್ಭಿಣಿಯರು ಮತ್ತು ಹದಿನೆಂಟು ವರ್ಷದೊಳಗಿನವರು

ಗರ್ಭಿಣಿಯರಿಗೆ ಪರವಾನಗಿ ಪಡೆದ ನಿಕೋಟಿನ್ ಪಟ್ಟಿ ಮತ್ತು ಗಮ್ ಮೊದಲ ಆಯ್ಕೆಯಾಗಿವೆ. ವೇಪ್‌ನಿಂದಲೇ ಧೂಮಪಾನ ಬಿಡಲು ಸಾಧ್ಯವಾಗುವುದಾದರೆ ಸೇದುವುದಕ್ಕಿಂತ ಅದು ಮೇಲು ಎಂಬ ಸಲಹೆಯನ್ನೂ ನೀಡಲಾಗುತ್ತದೆ. ಹದಿನೆಂಟು ವರ್ಷದೊಳಗಿನವರಿಗೆ ವೇಪ್ ಮಾರುವುದನ್ನು 2015ರ ಅಕ್ಟೋಬರ್ 1ರಿಂದ ನಿಷೇಧಿಸಲಾಗಿದೆ. ಆದರೆ ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ನಿಕೋಟಿನ್ ಪಟ್ಟಿ ಮುಂತಾದವನ್ನು ನೀಡಲು ಅವಕಾಶವಿದೆ. ಹಿರಿಯ ನಾಗರಿಕರ ವಿಷಯದಲ್ಲಿ, ಮೊಬೈಲ್ ಮೂಲಕ ಮಾತ್ರ ಕಿಟ್ ಕಾಯ್ದಿರಿಸುವ ವ್ಯವಸ್ಥೆಯೇ ಅಡ್ಡಿಯಾಗಬಾರದು.

ಕಿಟ್ ಮುಗಿದ ನಂತರದ ಖರ್ಚು

ಕಿಟ್ ಉಚಿತ, ಅದರೊಳಗಿನ ದ್ರವ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅನಂತರದ ಖರ್ಚು ಬಳಕೆದಾರರದು. ನಿಕೋಟಿನ್ ಪಟ್ಟಿ ಮತ್ತು ಗಮ್‌ನ ಮೇಲೆ ಮೌಲ್ಯವರ್ಧಿತ ತೆರಿಗೆ ಶೇ. 5 ಇದ್ದರೆ ವೇಪ್‌ನ ದ್ರವದ ಮೇಲೆ ಶೇ. 20 ಇದೆ. ಇದರ ಜೊತೆಗೆ ಪ್ರತಿ 10 ಮಿಲಿಲೀಟರ್ ದ್ರವಕ್ಕೆ 2.20 ಪೌಂಡ್ ಸುಂಕವನ್ನು 2026ರ ಅಕ್ಟೋಬರ್ 1ರಿಂದ ಅನ್ವಯವಾಗುವಂತೆ ನಿಗದಿಪಡಿಸಲಾಗಿದೆ. ಸುಂಕದ ಮೇಲೆಯೂ ತೆರಿಗೆ ಬೀಳುವುದರಿಂದ ಇದು 2.64 ಪೌಂಡ್ ಆಗುತ್ತದೆ. ದಿನಗೂಲಿಯವರಿಗೆ ಹಾಗೂ ವಿದ್ಯಾರ್ಥಿಗಳಿಗೆ ಇದು ಅಲ್ಪ ಮೊತ್ತವಲ್ಲ. ದ್ರವವನ್ನು ಎಷ್ಟು ವಾರಗಳವರೆಗೆ ಉಚಿತವಾಗಿ ನೀಡಲಾಗುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲಿಯೇ ವಿಚಾರಿಸುವುದು ಒಳಿತು.

ಸೇವೆಯನ್ನು ಕೋರುವ ವಿಧಾನ ಹಾಗೂ ದೂರು

ತಮ್ಮ ವಾಸಸ್ಥಳದ ಕೌನ್ಸಿಲ್, ಕುಟುಂಬ ವೈದ್ಯರು ಅಥವಾ 0300 123 1044 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯ ಮೂಲಕ ಸ್ಥಳೀಯ ಸೇವೆಯನ್ನು ಸಂಪರ್ಕಿಸಬಹುದು. ವೇಪ್ ದೊರೆಯುವುದು ಆಯಾ ಕೌನ್ಸಿಲಿನ ತೀರ್ಮಾನ ಮತ್ತು ದಾಸ್ತಾನನ್ನು ಅವಲಂಬಿಸಿದೆ. "ಸಾರ್ವಜನಿಕ ನಿಧಿಗೆ ಅವಕಾಶವಿಲ್ಲ" ಎಂಬ ಷರತ್ತಿನ ವೀಸಾ ಹೊಂದಿರುವ ಅನೇಕರು ಈ ಸೇವೆಯನ್ನು ಪಡೆದರೆ ತೊಂದರೆಯಾದೀತೆಂದು ಹಿಂಜರಿಯುವುದುಂಟು. ಆ ಷರತ್ತು ಭತ್ಯೆಗಳು ಹಾಗೂ ವಸತಿ ನೆರವಿಗೆ ಸಂಬಂಧಿಸಿದ್ದು. ಆರೋಗ್ಯ ಸೇವೆಯು ಆ ಪಟ್ಟಿಯಲ್ಲಿಲ್ಲ.

ತಾರತಮ್ಯವಾಗಿದೆ ಎನಿಸಿದಲ್ಲಿ ಮೊದಲು ಕೌನ್ಸಿಲಿಗೆ ಲಿಖಿತ ದೂರು ಸಲ್ಲಿಸಿ, ಪರಿಹಾರ ದೊರೆಯದಿದ್ದರೆ ಸಾಮಾನ್ಯವಾಗಿ ಹನ್ನೆರಡು ತಿಂಗಳೊಳಗೆ ಸ್ಥಳೀಯ ಆಡಳಿತದ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸೇವೆಯಲ್ಲಿನ ತಾರತಮ್ಯದ ಬಗ್ಗೆ ಕೌಂಟಿ ನ್ಯಾಯಾಲಯದಲ್ಲಿ ದಾವೆ ಹೂಡಲು ಆರು ತಿಂಗಳ ಕಾಲಮಿತಿ ಇದೆ. 149ನೇ ಪ್ರಕರಣದ ಕರ್ತವ್ಯಲೋಪಕ್ಕೆ ಮಾತ್ರ ವೈಯಕ್ತಿಕ ಪರಿಹಾರದ ದಾವೆಗೆ ಅವಕಾಶವಿಲ್ಲ. ಅದನ್ನು ನ್ಯಾಯಾಂಗ ಪುನರ್ವಿಮರ್ಶೆಯ ಮೂಲಕ, ವಿಳಂಬವಿಲ್ಲದೆ, ಹೆಚ್ಚೆಂದರೆ ಮೂರು ತಿಂಗಳೊಳಗೆ ಪ್ರಶ್ನಿಸಬೇಕು.

ಭಾರತಕ್ಕೆ ಬರುವವರ ಗಮನಕ್ಕೆ

ಇಂಗ್ಲೆಂಡಿನ ಸರ್ಕಾರಿ ಸೇವೆಯಲ್ಲಿ ಕಾನೂನುಬದ್ಧವಾಗಿ ಪಡೆದ ವೇಪ್ ಆದರೂ ಅದನ್ನು ಭಾರತಕ್ಕೆ ತರುವಂತಿಲ್ಲ. ಕರ್ನಾಟಕ ಸರ್ಕಾರವು 2016ರಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಕೇಂದ್ರ ಕಾಯಿದೆಯು ಇದರ ತಯಾರಿಕೆ, ಆಮದು, ರಫ್ತು, ಸಾಗಾಣಿಕೆ, ಮಾರಾಟ, ವಿತರಣೆ, ದಾಸ್ತಾನು ಹಾಗೂ ಜಾಹೀರಾತನ್ನು ದೇಶದಾದ್ಯಂತ ನಿಷೇಧಿಸಿದೆ. ಆಮದಿನ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಇವೆರಡನ್ನೂ ವಿಧಿಸಬಹುದು. ಸ್ವಂತ ಬಳಕೆಗೆ ಅಥವಾ ವೈದ್ಯರ ಸಲಹೆಯ ಮೇರೆಗೆ ತರುವುದಕ್ಕೆ ಕಾಯಿದೆಯಲ್ಲಿ ವಿನಾಯಿತಿಯಿಲ್ಲ.

ರಜೆಯಲ್ಲಿ ಊರಿಗೆ ಬಂದಾಗ ವೇಪ್ ಇಲ್ಲದೆ ಪುನಃ ಸಿಗರೇಟಿಗೆ ಮರಳುವ ಸಂಭವವಿರುವುದರಿಂದ, ಪ್ರಯಾಣಕ್ಕೆ ಕೆಲವು ವಾರಗಳ ಮೊದಲೇ ಸಲಹೆಗಾರರಿಗೆ ವಿಷಯ ತಿಳಿಸಿ ನಿಕೋಟಿನ್ ಪಟ್ಟಿ ಅಥವಾ ಗಮ್‌ಗೆ ಬದಲಾಗುವುದು ಉತ್ತಮ. ನಿಕೋಟಿನ್ ಗಮ್ ಭಾರತದ ಔಷಧ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಭಾರತದಲ್ಲಿರುವಾಗ 1800-11-2356 ಶುಲ್ಕರಹಿತ ಸಂಖ್ಯೆಯ ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಗೆ ಕರೆಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಈ ಸಹಾಯವಾಣಿಯ ಕೇಂದ್ರಗಳಲ್ಲಿ ಒಂದಾಗಿದ್ದು, ಕನ್ನಡದಲ್ಲಿ ಆಪ್ತಸಲಹೆ ಲಭ್ಯವಿರುತ್ತದೆ.