ಬೆಸುಗೆ ಬಿಟ್ಟ ರೇಡಿಯೇಟರ್

ಮೇ-ಜೂನ್‌ನಲ್ಲಿ ದೆಹಲಿಯ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ಅಂಥ ಮಧ್ಯಾಹ್ನಗಳಲ್ಲಿ ಬಾನೆಟ್ ಎತ್ತಿಕೊಂಡು, ಹಬೆಯಾಡುತ್ತ ರಸ್ತೆ ಬದಿಗೆ ನಿಂತ ಅಂಬಾಸಿಡರ್ ಟ್ಯಾಕ್ಸಿ ಒಂದು ಕಾಲಕ್ಕೆ ಸಾಮಾನ್ಯ ನೋಟ. ಅದನ್ನು ಮತ್ತೆ ಓಡಿಸುತ್ತಿದ್ದದ್ದು ರೇಡಿಯೇಟರ್ ಬೆಸುಗೆಯ ಕಸುಬು.

ಆ ಕಸುಬಿನ ಬೇರು ಕಾರಿನಷ್ಟೇ ಹಳೆಯದು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ 8,070 ಸಣ್ಣ ಕೊಳವೆಗಳನ್ನು ಬೆಸೆದು ಜೇನುಗೂಡಿನಂಥ ರೇಡಿಯೇಟರ್ ಮಾಡಿದ್ದ. ಮುಂದೆ ದಶಕಗಳ ಕಾಲ ತಾಮ್ರ, ಹಿತ್ತಾಳೆ ಮತ್ತು ಬೆಸುಗೆಯೇ ಕಾರುಗಳನ್ನು ತಣ್ಣಗಿಟ್ಟವು. ಬೆಸೆದದ್ದನ್ನು ಬಿಚ್ಚಲೂ ಬರುತ್ತಿತ್ತು.

ಕೆಲಸ ಹೀಗೆ: ಎಂಜಿನ್ ಆರಿದ ಮೇಲೆ ನೀರು ಇಳಿಸಬೇಕು. ರಬ್ಬರ್ ಪೈಪುಗಳ ಕ್ಲಿಪ್ಪು ಸಡಿಲಿಸಿ, ಬೋಲ್ಟ್ ಬಿಚ್ಚಿ, ಫ್ಯಾನಿನ ಎಲೆ ತಾಗದಂತೆ ರೇಡಿಯೇಟರನ್ನು ಮೇಲೆತ್ತಬೇಕು. ಬಾಯಿಗಳನ್ನು ಮುಚ್ಚಿ, ತೊಟ್ಟಿಯ ನೀರಲ್ಲಿ ಮುಳುಗಿಸಿ ಗಾಳಿ ಹಾಯಿಸಿದರೆ ಗುಳ್ಳೆ ಎದ್ದ ಜಾಗವೇ ತೂತು. ಸೋರದೆಯೂ ಎಂಜಿನ್ ಕಾಯುತ್ತಿದ್ದರೆ ಕೊಳವೆಗಳನ್ನು ಅನುಮಾನಿಸಬೇಕು. ಗಡಸು ಬೋರ್ ನೀರು ತುಂಬುತ್ತ ಬಂದರೆ ಅವುಗಳೊಳಗೆ ಸುಣ್ಣ ಕಟ್ಟುತ್ತದೆ. ಆಗ ಬೆಂಕಿ ಹಿಡಿದು ಮೇಲಿನ ಟ್ಯಾಂಕ್ ಬಿಡಿಸಿ, ಒಂದೊಂದೇ ಕೊಳವೆಗೆ ಕಂಬಿ ತೂರಿಸಿ ಶುಚಿ ಮಾಡಿ, ಮತ್ತೆ ಬೆಸೆಯುತ್ತಿದ್ದರು. ಗಾಡಿಗೆ ಕೂರಿಸಿ, ನೀರು ತುಂಬಿ, ಮುಚ್ಚಳ ತೆರೆದಿಟ್ಟು ಎಂಜಿನ್ ಓಡಿಸಿ, ಒಳಗೆ ಸಿಕ್ಕ ಗಾಳಿ ಹೊರಬಂದ ಮೇಲೆ ಕಡಿಮೆಯಾದ ನೀರನ್ನು ತುಂಬಿದರೆ ಮುಗಿಯಿತು.

1983ರ ಡಿಸೆಂಬರ್‌ನಲ್ಲಿ ಗುರಗಾಂವ್‌ನಿಂದ ಮೊದಲ ಮಾರುತಿ 800 ಹೊರಬಂತು. ಅದರ ಹಿಂದೆ ಬಂದ ಹೊಸ ತಲೆಮಾರಿನ ಕಾರುಗಳೊಂದಿಗೆ ಅಲ್ಯೂಮಿನಿಯಂ ರೇಡಿಯೇಟರ್ ನಿಧಾನವಾಗಿ ನೆಲೆಯೂರಿತು. ಅದು ಹಗುರ, ಅಗ್ಗ. ಆದರೆ ಅದರ ಪ್ಲಾಸ್ಟಿಕ್ ಟ್ಯಾಂಕನ್ನು ಅಂಚು ಮಡಚಿ ಕೂರಿಸಿರುತ್ತಾರೆ. ಹಳೆಯ ಬೆಸುಗೆ ಅಲ್ಲಿ ನಡೆಯದು. ಒಡೆದರೆ ಕಾಶ್ಮೀರಿ ಗೇಟ್‌ನ ಬಿಡಿಭಾಗಗಳ ಮಾರುಕಟ್ಟೆಯಿಂದ ಹೊಸದನ್ನೇ ತರುವುದು. ರಿಪೇರಿಯ ಕೂಲಿ ಬಿಡಿಭಾಗದ ಬೆಲೆಯಾಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು.

ಕೈಕಸುಬು ಹೋಯಿತೆಂದು ಮರುಗುವುದು ಸುಲಭ. ಆದರೆ ಕಲಾಯಿ ಹಾಕಲು ಬಳಸುವ ತವರದಂತಲ್ಲ ಈ ಬೆಸುಗೆ. ಇದರಲ್ಲಿ ತವರದ ಜೊತೆ ಸೀಸವೂ ಇತ್ತು. ಕಾಯಿಸಿದಾಗ ಏಳುವ ಹೊಗೆ, ಉಜ್ಜಿದಾಗ ಏಳುವ ಧೂಳು ಕೆಲಸಗಾರನ ರಕ್ತ ಸೇರುತ್ತದೆ. ಬಟ್ಟೆಗೆ ಅಂಟಿ ಮನೆಯ ಮಕ್ಕಳನ್ನೂ ಮುಟ್ಟುತ್ತದೆ. ದೆಹಲಿ 1998ರಲ್ಲಿ, ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ಹೊರಹಾಕಿದವು. ಕಾರಿನ ಹೊಗೆಯಿಂದ ಸೀಸ ಹೋದ ಮೇಲೂ ಬೆಸುಗೆಯ ಅಂಗಡಿಯಲ್ಲಿ ಅದು ಉಳಿಯಿತು. ಅಲ್ಲಿಂದ ಅದನ್ನು ಕಡಿಮೆ ಮಾಡಿದ್ದು ಯಾವ ಆರೋಗ್ಯ ಕಾಳಜಿಯೂ ಅಲ್ಲ, ಅಲ್ಯೂಮಿನಿಯಂನ ಅಗ್ಗದ ಬೆಲೆ. ಅದೇ ಬೆಲೆ ಕೆಲಸಗಾರನ ಕೂಲಿಯನ್ನೂ ಕಿತ್ತುಕೊಂಡಿತು.